ನನ್ನ ಕೊನೆಯ ಮಾತಿನ ಕಾಗದ ಯಾರ ಕೈಗೆ ಕೊಡಲಿ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ನಿವೃತ್ತ ಸ್ಟಾಫ್ ನರ್ಸ್. ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಈಗ ನನಗೆ 64. ಬಿಪಿ ಇದೆ, ಮಂಡಿ ನೋವಿದೆ, ಅದು ಬಿಟ್ಟರೆ ಆರಾಮಾಗಿದ್ದೇನೆ. ಆರಾಮಾಗಿರುವಾಗಲೇ, ಮುಂದೆ ಮಾತಾಡಲು ಆಗದ ಸ್ಥಿತಿ ಬಂದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಒಂದು ಕಾಗದ, ಅಂದರೆ ಲಿವಿಂಗ್ ವಿಲ್, ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಮಾಡಿಸಿ ಇಟ್ಟಿದ್ದೇನೆ. ಕಾನೂನು ಹೇಳಿದ ಹಾಗೆ ಅದರ ಒಂದು ಪ್ರತಿಯನ್ನು ನಮ್ಮೂರಿನ ಸ್ಥಳೀಯ ಸಂಸ್ಥೆಗೆ ಕೊಡಬೇಕು. ನಾಲ್ಕು ಸಲ ಹೋಗಿ ಬಂದೆ. ತೆಗೆದುಕೊಳ್ಳುವವರು ಸಿಗಲಿಲ್ಲ. ಅದಕ್ಕೇ ನಿಮಗೆ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ನಗರಾಡಳಿತ ಸಚಿವರೂ ಗ್ರಾಮೀಣಾಭಿವೃದ್ಧಿ ಸಚಿವರೂ ಇದನ್ನು ಓದಬೇಕು. ಆ ಕಾಗದ ಕೊನೆಗೆ ಹೋಗಿ ಸೇರಬೇಕಾದದ್ದು ಅವರ ಇಲಾಖೆಯ ಕಚೇರಿಗಳಿಗೇ.

ನಮ್ಮೂರ ಅರಳಿಕಟ್ಟೆಯಲ್ಲಿ ಸಂಜೆ ಹೊತ್ತು ವಯಸ್ಸಾದವರು ಕೂತಿರುತ್ತಾರೆ. ಅಲ್ಲಿ ದಿನಾ ಕೇಳುವ ಮಾತೊಂದಿದೆ. "ಕೈಕಾಲು ಗಟ್ಟಿಯಿರುವಾಗಲೇ ದೇವರು ಕರ್ಕೊಂಡುಬಿಡ್ಲಿ, ಹಾಸಿಗೆ ಹಿಡಿಯೋದು ಬೇಡ." ಈ ಮಾತನ್ನು ಅವರು ದೇವರಿಗೆ ಹೇಳುತ್ತಾರೆ, ಜೊತೆಯವರಿಗೆ ಹೇಳುತ್ತಾರೆ. ಮಕ್ಕಳಿಗೆ ಹೇಳಹೋದರೆ "ಸುಮ್ನಿರಪ್ಪ, ಏನೇನೋ ಮಾತಾಡ್ಬೇಡ" ಅಂತ ಬಾಯಿ ಮುಚ್ಚಿಸುತ್ತಾರೆ. ಡಾಕ್ಟರಿಗಂತೂ ಯಾರೂ ಹೇಳುವುದಿಲ್ಲ. ಆಮೇಲೆ ಒಂದು ದಿನ ಬಿದ್ದು, ಆಂಬುಲೆನ್ಸ್ ಹತ್ತಿ, ಐಸಿಯು ಸೇರಿ, ಬಾಯಲ್ಲಿ ಟ್ಯೂಬ್ ಇರುವಾಗ ಹೇಳಬೇಕು ಅಂದರೂ ಆಗುವುದಿಲ್ಲ.

ಮೊದಲು ಕಚೇರಿಯ ಕಥೆ ಹೇಳಿಬಿಡುತ್ತೇನೆ. ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಅಲ್ಲಿಯವರು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ.

ಮೊದಲ ಸಲ ಹೋದದ್ದು 2025ರ ಏಪ್ರಿಲ್‌ನಲ್ಲಿ. ಜನನ ಮರಣ ನೋಂದಣಿ ಕಿಟಕಿಯ ಮುಂದೆ ನಿಂತು, ಕಾಗದ ಕೊಟ್ಟು, "ಇದನ್ನ ಯಾರಿಗೆ ಕೊಡಬೇಕಮ್ಮ?" ಅಂದೆ. ಅಲ್ಲಿದ್ದ ಹುಡುಗಿ ತಿರುವಿ ನೋಡಿ, "ಯಾರು ಆಂಟಿ ತೀರ್ಕೊಂಡಿರೋದು?" ಅಂದಳು. "ಯಾರೂ ಇಲ್ಲಮ್ಮ, ಇದು ನನ್ನದೇ" ಅಂದೆ. ಅವಳು ಇನ್ನೊಮ್ಮೆ ಓದಿದಳು. ಮುಖ ಸಣ್ಣದಾಯಿತು. ಎದ್ದು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಮನೇಲಿ ಏನಾದ್ರೂ ತೊಂದ್ರೆ ಇದೆಯಾ ಆಂಟಿ? ಮಗ ಸೊಸೆ ಚೆನ್ನಾಗಿ ನೋಡ್ಕೊಳ್ತಾರಾ?" ಅಂತ ಮೆಲ್ಲಗೆ ಕೇಳಿದಳು. ಅವಳ ಆ ಮನಸ್ಸನ್ನು ನಾನು ಮರೆಯುವುದಿಲ್ಲ. ಆದರೆ ನನ್ನ ಕಾಗದ ಅವಳಿಗೆ ಸಾಯಲು ಹೊರಟವಳ ಪತ್ರದ ಹಾಗೆ ಕಂಡಿತ್ತು.

ಎರಡನೇ ಸಲ ಅಧಿಕಾರಿಯನ್ನೇ ಕಂಡೆ. "ಇದು ಆತ್ಮಹತ್ಯೆಗೆ ಪರ್ಮಿಷನ್ ಕೇಳಿದ ಹಾಗಾಗಲ್ವಾ ಮೇಡಂ? ನಾನು ಸೀಲ್ ಹಾಕಿದ್ರೆ ನಾಳೆ ನನ್ನ ತಲೆಗೆ ಬರುತ್ತೆ" ಅಂದರು. ಮೂರನೇ ಸಲ ಹೋದಾಗ ಆರೋಗ್ಯ ಇಲಾಖೆಗೆ ಹೋಗಿ ಅಂದರು. ಅಲ್ಲಿಗೆ ಹೋದರೆ, ಅದು ಸ್ಥಳೀಯ ಸಂಸ್ಥೆಗೆ ಬರುತ್ತೆ, ಅಲ್ಲೇ ಕೊಡಿ ಅಂದರು. ನಾಲ್ಕನೇ ಸಲ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದೆ. ಬೀದಿ ದೀಪ, ಚರಂಡಿ, ಖಾತೆ ಬದಲಾವಣೆ ಅರ್ಜಿಗಳ ಕಟ್ಟಿನಲ್ಲಿ ನನ್ನ ಕಾಗದವೂ ಈಗ ಎಲ್ಲೋ ಇದೆ. ನಾಳೆ ರಾತ್ರಿ ನನಗೆ ಸ್ಟ್ರೋಕ್ ಆಗಿ, ಬೆಂಗಳೂರಿನ ಯಾವುದೋ ಐಸಿಯುನಲ್ಲಿ ನನ್ನ ಮಗ ಜೆರಾಕ್ಸ್ ಪ್ರತಿ ತೋರಿಸಿದರೆ, ಇದು ನಿಜವಾದದ್ದೇ ಎಂದು ಡಾಕ್ಟರು ಯಾರನ್ನು ಕೇಳಬೇಕು?

ಇಷ್ಟೆಲ್ಲ ಯಾಕೆ ಓಡಾಡುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು.

ನಮ್ಮ ಯಜಮಾನರು ಬಸ್ ಡ್ರೈವರ್ ಆಗಿದ್ದವರು. 2022ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಊರಿನ ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ವೆಂಟಿಲೇಟರ್ ಹಾಕಿದರು. ಒಟ್ಟು 23 ದಿನ. ತೆಂಗಿನ ತೋಟದಲ್ಲಿ ಒಂದು ಎಕರೆ ಹೋಯಿತು. ಅದಕ್ಕಾಗಿ ನಾನು ಅಳುವುದಿಲ್ಲ. ಬದುಕಿ ಬರುತ್ತಾರೆ ಅಂದಿದ್ದರೆ ಉಳಿದದ್ದನ್ನೂ ಮಾರುತ್ತಿದ್ದೆವು.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಎರಡನೇ ದಿನ ನೋಡಿದೆ, ಅವರ ಎರಡೂ ಕೈಗಳನ್ನು ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಅರೆ ಎಚ್ಚರದಲ್ಲಿ ಟ್ಯೂಬ್ ಕಿತ್ತುಕೊಂಡರೆ ಅಪಾಯ, ಅದಕ್ಕೆ ಕಟ್ಟುತ್ತಾರೆ. ಅದು ತಪ್ಪಲ್ಲ. ನೈಟ್ ಡ್ಯೂಟಿಗಳಲ್ಲಿ ನಾನೇ ಎಷ್ಟು ಜನರ ಕೈ ಕಟ್ಟಿದ್ದೇನೆ, ಲೆಕ್ಕವಿಲ್ಲ. ಕಟ್ಟುವಾಗ ಗಂಟು ಬಿಗಿಯಾಯಿತಾ, ರಕ್ತ ಓಡಾಡುತ್ತಿದೆಯಾ ಅಂತ ನೋಡಿದ್ದೇನೆಯೇ ಹೊರತು, ಆ ಕೈ ಯಾರದು ಅಂತ ಯೋಚಿಸಿರಲಿಲ್ಲ. ಆವತ್ತು ನೋಡಿದ್ದು 30 ವರ್ಷ ಸ್ಟೇರಿಂಗ್ ಹಿಡಿದು ಅಂಗೈ ಗಟ್ಟಿಯಾಗಿದ್ದ ಕೈ. ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡ ಕೈ.

ಹನ್ನೆರಡನೇ ದಿನ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಮೆದುಳಿಗೆ ಜಾಸ್ತಿ ಪೆಟ್ಟಾಗಿದೆ, ಎಚ್ಚರವಾಗುವ ಭರವಸೆ ಇಲ್ಲ, ಮುಂದೇನು ಮಾಡೋಣ ನೀವೇ ಹೇಳಿ. ಮಗ "ಏನಾದ್ರೂ ಮಾಡಿ ಉಳಿಸಿ ಸಾರ್" ಅಂದ. ಮೈದುನ "ಅಣ್ಣನ್ನ ಅರ್ಧಕ್ಕೇ ಕೈಬಿಟ್ರು ಅಂತ ಜನ ಆಡ್ಕೊಳ್ತಾರೆ" ಅಂದರು. ಮಗಳು ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು, ನಾನು ನರ್ಸ್ ಅಲ್ವಾ. ನನಗೆ ಗೊತ್ತಿರಲಿಲ್ಲ. ಔಷಧಿ ಗೊತ್ತಿತ್ತು, ಮಾನಿಟರ್ ಓದಲು ಗೊತ್ತಿತ್ತು. ನನ್ನ ಗಂಡ ಏನು ಬಯಸುತ್ತಿದ್ದರು ಅನ್ನುವುದು ಗೊತ್ತಿರಲಿಲ್ಲ. ಮದುವೆಯಾಗಿ 36 ವರ್ಷದಲ್ಲಿ ತೋಟದ ಬಗ್ಗೆ, ಮಕ್ಕಳ ಓದಿನ ಬಗ್ಗೆ, ಮನೆ ಸಾಲದ ಬಗ್ಗೆ ಎಷ್ಟು ಮಾತಾಡಿದ್ದೇವೆ. ಇದೊಂದನ್ನು ಕೇಳಿರಲಿಲ್ಲ.

ಇನ್ನೂ ಹನ್ನೊಂದು ದಿನ ಹಾಗೇ ಕಳೆಯಿತು. ಬೆನ್ನಿನಲ್ಲಿ ಮಲಗಿ ಮಲಗಿ ಆಗುವ ಹುಣ್ಣು, ಅಂದರೆ ಬೆಡ್‌ಸೋರ್ ಶುರುವಾಯಿತು, ಕಿಡ್ನಿ ಕೈಕೊಟ್ಟಿತು. 23ನೇ ದಿನ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದೆವು. ಅದಕ್ಕೊಂದು ಫಾರಂ ಇರುತ್ತದೆ. "ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ" ಅಂತ. ಆ ಸಾಲಿನ ಕೆಳಗೆ ನನ್ನ ಸಹಿ ಇದೆ. ಆಂಬುಲೆನ್ಸ್‌ನಲ್ಲಿ ಒಬ್ಬ ಹುಡುಗ ಎರಡೂವರೆ ಗಂಟೆ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತಾ ಬಂದ. ಮನೆ ಗೇಟಿನ ಹತ್ತಿರ ಗಾಡಿ ನಿಂತಿತು. ಒಳಗೆ ಹಜಾರದಲ್ಲಿ ಮಲಗಿಸಿದೆವು. ಆ ಹುಡುಗ ನನ್ನ ಕಡೆ ನೋಡಿ "ತೆಗಿಲಾ ಅಮ್ಮಾ?" ಅಂದ. ಅವನಿಗೆ 22 ಇರಬಹುದು. ಕೈ ನಡುಗುತ್ತಿತ್ತು. ಬೇಡ ಬಿಡಪ್ಪ ಅಂದು ಬಾಯಿಯ ಟ್ಯೂಬನ್ನು ನಾನೇ ತೆಗೆದೆ.

ಆಮೇಲೆ ಇಪ್ಪತ್ತು ನಿಮಿಷ ಅವರು ಏದುಸಿರು ಬಿಟ್ಟರು. ಗಂಟಲಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ಅದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರ ಇರಲಿಲ್ಲ. ಆ ಒದ್ದಾಟ ಕಡಿಮೆ ಮಾಡುವ ಒಂದು ಇಂಜೆಕ್ಷನ್ ನನ್ನ ಹತ್ತಿರ ಇರಲಿಲ್ಲ. ಮಕ್ಕಳು ನೋಡುತ್ತಾ ನಿಂತಿದ್ದರು. ನನ್ನ ಮಗ ಇವತ್ತಿಗೂ ಆ ಹಜಾರದಲ್ಲಿ ಮಲಗುವುದಿಲ್ಲ.

ಸಚಿವರೇ, ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಯಾವ ಐಸಿಯು ನರ್ಸನ್ನು ಬೇಕಾದರೂ ಕೇಳಿ, ಯಾವ ಆಂಬುಲೆನ್ಸ್ ಹುಡುಗನನ್ನು ಬೇಕಾದರೂ ಕೇಳಿ. "ಮನೆಗೆ ಕರ್ಕೊಂಡು ಹೋಗ್ತೀವಿ" ಅನ್ನುವ ಮಾತಿಗೆ ಏನರ್ಥ ಅಂತ ಅವರಿಗೆ ಗೊತ್ತು. ಕಾನೂನು ಸರಿಯಾಗಿ ಮಾಡಿ ಅಂದದ್ದನ್ನು ಜನ ಕದ್ದುಮುಚ್ಚಿ, ತಪ್ಪು ಮಾಡಿದವರ ಹಾಗೆ, ನೋವು ಇಳಿಸುವ ಮಾರ್ಫಿನ್ ಇಲ್ಲದೆ, ಡಾಕ್ಟರಿಲ್ಲದೆ ಮಾಡುತ್ತಿದ್ದಾರೆ.

ಯಜಮಾನರು ಹೋದಾಗ ಸುಪ್ರೀಂ ಕೋರ್ಟಿನ ತೀರ್ಪು ಬಂದು ನಾಲ್ಕು ವರ್ಷ ಆಗಿತ್ತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು. ನನಗದು ಗೊತ್ತಿರಲಿಲ್ಲ. 31 ವರ್ಷ ಸರ್ವೀಸ್ ಮಾಡಿದ ನರ್ಸಿಗೇ ಗೊತ್ತಿರಲಿಲ್ಲ ಅಂದರೆ ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಹೇಗೆ ಗೊತ್ತಾಗಬೇಕು?

ಈ ಕಾನೂನು ಶುರುವಾದದ್ದೇ ಒಬ್ಬ ನರ್ಸಿನಿಂದ ಅನ್ನಬಹುದು. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ ಅರುಣಾ ಶಾನಭಾಗ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ನೌಕರ ಅವರ ಕುತ್ತಿಗೆಗೆ ನಾಯಿ ಕಟ್ಟುವ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಆವತ್ತು ಮಲಗಿದವರು ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಹತ್ತಿರಹತ್ತಿರ 42 ವರ್ಷ ಅದೇ ಆಸ್ಪತ್ರೆಯಲ್ಲಿದ್ದರು. ಅಲ್ಲಿಯ ನರ್ಸ್‌ಗಳು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಅವರನ್ನು ಒಪ್ಪಿಸುತ್ತಾ ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಬೆಡ್‌ಸೋರ್ ಆಗದಂತೆ ಕಾಪಾಡಿದರು. ಬೆಡ್‌ಸೋರ್ ತಡೆಯುವುದು ಎಂಥ ಕೆಲಸ ಅಂತ ನಮ್ಮ ವೃತ್ತಿಯವರಿಗೆ ಗೊತ್ತು. ಅದನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ, ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ಅರುಣಾ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದು ಕೆಇಎಂ ಸಿಬ್ಬಂದಿ ಹೇಳಿದರು. 2011ರ ಮಾರ್ಚ್ 7ರಂದು ಕೋರ್ಟು ಸಿಬ್ಬಂದಿಯ ಮಾತಿಗೇ ಬೆಲೆ ಕೊಟ್ಟಿತು. ಆದರೆ ಅದೇ ತೀರ್ಪಿನಲ್ಲಿ, ವಾಸಿಯಾಗದವರಿಗೆ ಉಸಿರು ಹಿಡಿದಿಡುವ ಚಿಕಿತ್ಸೆಯನ್ನು ನಿಯಮದ ಪ್ರಕಾರ ನಿಲ್ಲಿಸಬಹುದು ಎಂಬ ದಾರಿಯನ್ನೂ ತೆರೆಯಿತು. ನಾನು ಯಾರು ಸರಿ, ಯಾರು ತಪ್ಪು ಅಂತ ಹೇಳುವವಳಲ್ಲ. ಎರಡೂ ಕಡೆಯವರಿಗೆ ಅರುಣಾ ಮೇಲೆ ಪ್ರೀತಿ ಇತ್ತು. ಅರುಣಾ ಏನನ್ನುತ್ತಿದ್ದರು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 25ರ ಹುಡುಗಿಯನ್ನು ಅದನ್ನೆಲ್ಲ ಯಾರು ಕೇಳಿರುತ್ತಾರೆ? ನಮ್ಮ ಮನೆಯಲ್ಲಿ 65ರ ಗಂಡಸನ್ನೇ ಕೇಳಿರಲಿಲ್ಲ.

2018ರ ತೀರ್ಪು ಆ ಮಾತನ್ನು ಮೊದಲೇ ಬರೆದಿಡಬಹುದು ಅಂದಿತು. ಅದೇ ಲಿವಿಂಗ್ ವಿಲ್. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಅದು ಸುಲಭವಿರಲಿಲ್ಲ. 2023ರ ಜನವರಿ 24ರಂದು ಕೋರ್ಟು ಅದನ್ನು ಸಲೀಸು ಮಾಡಿತು. ಈಗ 18 ತುಂಬಿದ, ಬುದ್ಧಿ ಸರಿಯಿರುವ ಯಾರು ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳು ಇರಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ನಮಗೆ ಮಾತು ನಿಂತಾಗ ನಮ್ಮ ಪರವಾಗಿ ಮಾತಾಡುವವರ ಹೆಸರು ಹಾಕಬೇಕು. ನಾನು ಮಗಳ ಹೆಸರು, ಅಕ್ಕನ ಮಗನ ಹೆಸರು ಹಾಕಿದ್ದೇನೆ. ನನ್ನ ಮಗನ ಮೇಲೆ ಆ ಭಾರ ಇನ್ನೊಂದು ಸಲ ಹೊರಿಸಲು ಮನಸ್ಸು ಬರಲಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ ಹೋಗಬೇಕು, ಅದನ್ನು ಕಾಪಾಡಿಡಲು ಅಲ್ಲೊಬ್ಬ ಅಧಿಕಾರಿಯನ್ನು ಗೊತ್ತು ಮಾಡಬೇಕು. ಚಿಕಿತ್ಸೆ ಕೊಡುವ ಡಾಕ್ಟರು, ಕಾಗದ ಅಸಲಿಯೇ ಎಂದು ಆ ಅಧಿಕಾರಿಯಿಂದ ಅಥವಾ ಡಿಜಿಟಲ್ ಆರೋಗ್ಯ ದಾಖಲೆಯಿಂದ ತಿಳಿದುಕೊಳ್ಳಬೇಕು. ನನ್ನ ಕಾಗದ ಸಿಕ್ಕಿಹಾಕಿಕೊಂಡಿರುವುದು ಈ ಜಾಗದಲ್ಲೇ.

ನಿಮ್ಮ ಇಲಾಖೆ 2025ರ ಜನವರಿ 30ರಂದು ಈ ಬಗ್ಗೆ ಆದೇಶ ಹೊರಡಿಸಿದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಪೇಪರ್ ಕತ್ತರಿಸಿ ಇಟ್ಟುಕೊಂಡೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ಎಷ್ಟೋ ವರ್ಷ ಸರ್ಕಾರಕ್ಕೂ ಕೋರ್ಟಿಗೂ ಬರೆಯುತ್ತಲೇ ಇದ್ದರು. ಅವರನ್ನೂ ನೆನೆದೆ. ನಮ್ಮ ಸರ್ಕಾರ ಧೈರ್ಯ ಮಾಡಿತು. ಅದಕ್ಕೆ ನಾನು ಮನಸಾರೆ ಧನ್ಯವಾದ ಹೇಳುತ್ತೇನೆ.

ಆದರೆ ಮಾರನೇ ದಿನದಿಂದ ಎಲ್ಲರ ಬಾಯಲ್ಲೂ ಬಂದದ್ದು "ದಯಾಮರಣ" ಅನ್ನುವ ಪದ. ಕಟ್ಟೆಯ ಮೇಲೂ ಅದೇ, ಟಿವಿಯಲ್ಲೂ ಅದೇ. ಇಂಜೆಕ್ಷನ್ ಕೊಟ್ಟು ಮುಗಿಸಿಬಿಡುತ್ತಾರಂತೆ ಅಂತ ಜನ ಹೆದರಿದರು. ನಮ್ಮ ದೇಶದಲ್ಲಿ ಇಂಜೆಕ್ಷನ್ ಕೊಟ್ಟು ಸಾಯಿಸುವುದು ಆಗಲೂ ಅಪರಾಧ, ಈಗಲೂ ಅಪರಾಧ. ಇದು ಬೇರೆ. ವಾಸಿಯಾಗುವ ಆಸೆ ಇಲ್ಲದಾಗ, ಉಸಿರನ್ನು ಎಳೆದು ನಿಲ್ಲಿಸಿರುವ ಯಂತ್ರವನ್ನು ತೆಗೆದು, ಕಾಯಿಲೆ ತನ್ನ ಪಾಡಿಗೆ ಹೋಗಲು ಬಿಡುವುದು. ಇಲ್ಲಿ ನರ್ಸಾಗಿ ಒಂದು ಮಾತು ಒತ್ತಿ ಹೇಳಬೇಕು. ಚಿಕಿತ್ಸೆ ನಿಲ್ಲಿಸಿದರೂ ಆರೈಕೆ ನಿಲ್ಲುವುದಿಲ್ಲ. ಬಾಯಿ ಒರೆಸಬೇಕು, ತುಟಿ ಒಣಗದಂತೆ ನೋಡಬೇಕು, ಮಗ್ಗುಲು ಬದಲಿಸಬೇಕು, ನೋವಿಗೆ ಮಾರ್ಫಿನ್ ಕೊಡಬೇಕು, ಉಸಿರಿನ ಒದ್ದಾಟಕ್ಕೆ ಔಷಧಿ ಕೊಡಬೇಕು, ಮಕ್ಕಳು ಕೈ ಹಿಡಿದು ಕೂರಲು ಕುರ್ಚಿ ಹಾಕಬೇಕು. ನನ್ನ ಗಂಡನಿಗೆ ಸಿಗದೇ ಹೋದದ್ದು ಇದು.

ಆಸ್ತಿಗಾಗಿ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಎರಡು ಮಂಡಳಿಗಳಿವೆ. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುವ ಡಾಕ್ಟರು, ಜೊತೆಗೆ ಆ ವಿಷಯದಲ್ಲಿ ಕನಿಷ್ಠ ಐದು ವರ್ಷ ಅನುಭವ ಇರುವ ಇಬ್ಬರು ತಜ್ಞರು. ಎರಡನೆಯದರಲ್ಲಿ ಬೇರೆಯೇ ಜನ, ಅದರಲ್ಲೊಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟರು. ಎರಡೂ ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು, ಯಂತ್ರ ತೆಗೆಯುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಲಿವಿಂಗ್ ವಿಲ್ ಬರೆಯದವರಿಗೂ, ಮನೆಯವರ ಒಪ್ಪಿಗೆ ಮೇಲೆ, ಇದೇ ದಾರಿ ಇದೆ. ಇದಕ್ಕಿಂತ ದೊಡ್ಡ ಭಯ ನನಗೆ ಬೇರೆಯದಿದೆ. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಡವರು ವಾಸಿಯಾಗುವ ಕಾಯಿಲೆಯಲ್ಲೂ ಮನೆಗೆ ಹೋಗಿಬಿಡುವುದು. ಈ ಕಾಗದ ಅದಕ್ಕೆ ನೆಪವಾಗಬಾರದು. ಬದುಕುವವರಿಗೆ ಬೆಡ್ ಸಿಗಬೇಕು, ಅದು ಮೊದಲು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಪ್ರತಿ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆಯಲ್ಲಿ ಈ ಕಾಗದ ಇಟ್ಟುಕೊಳ್ಳುವ ಅಧಿಕಾರಿ ಯಾರು ಎಂದು ಹೆಸರು ಹಾಕಿ ಆದೇಶ ಮಾಡಿಸಿ. ಜನನ ಮರಣ ನೋಂದಣಿ ಕಿಟಕಿಯ ಪಕ್ಕ ಒಂದು ಬೋರ್ಡ್ ಹಾಕಿಸಿ. ಒಂದು ರಿಜಿಸ್ಟರ್, ಒಂದು ಬೀರು, ರಾತ್ರಿ ಹೊತ್ತೂ ಆಸ್ಪತ್ರೆಯವರು ಕೇಳಿದರೆ ಉತ್ತರ ಸಿಗುವ ಒಂದು ಫೋನ್ ನಂಬರ್. ಇಷ್ಟು ಸಾಕು. ಇದು ಆಗದ ಕೆಲಸವೇನಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ, ಬಾಂಬೆ ಹೈಕೋರ್ಟ್ ಮುಂದೆ ಅರ್ಜಿ ಬಂದ ಮೇಲೆ, 2024ರಲ್ಲಿ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಅಧಿಕಾರಿಗಳನ್ನು ನೇಮಿಸಿದರು. ಅದೇ ವರ್ಷ ಗೋವಾದಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ತಾವೇ ಮುಂದೆ ಬಂದು ಲಿವಿಂಗ್ ವಿಲ್ ನೋಂದಾಯಿಸಿದರು. ನಮ್ಮ ಸಚಿವರು, ನಮ್ಮ ಜಿಲ್ಲಾಧಿಕಾರಿಗಳು, ನಮ್ಮ ಸರ್ಜನ್‌ಗಳು ಹಾಗೆ ಮಾಡಿ ತೋರಿಸಿದರೆ, ಆ ಕಿಟಕಿಯ ಹುಡುಗಿ ಮುಂದಿನ ಸಲ ಬಂದವರ ಕೈ ಹಿಡಿದು ಗಾಬರಿಯಾಗುವುದಿಲ್ಲ.

ಆ ಕಾಗದದ ನಮೂನೆ ಸುಲಭವಾದ ಕನ್ನಡದಲ್ಲಿ ಒಂದು ಹಾಳೆಯಷ್ಟಿರಲಿ. ನಾನು ನೋಡಿದ ನಮೂನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮೂರು ಸಂಜೆ ಕೂತು ಕನ್ನಡಕ್ಕೆ ಇಳಿಸಿಕೊಂಡೆ. ವೆಂಟಿಲೇಟರ್ ಬೇಕಾ ಬೇಡವಾ, ಡಯಾಲಿಸಿಸ್, ಮೂಗಿನ ಪೈಪಿನ ಊಟ, ಎದೆ ಒತ್ತುವುದು, ಕೊನೆಗೆ ಆಸ್ಪತ್ರೆಯೋ ಮನೆಯೋ. ಇಷ್ಟನ್ನು ಆಶಾ ಕಾರ್ಯಕರ್ತೆಯೂ ಓದಿ ಹೇಳುವ ಹಾಗಿರಬೇಕು. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ ಶುಗರ್ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ಅದೇ ಜಗಲಿಯಲ್ಲಿ ಕೂತು ಈ ಮಾತನ್ನೂ ಕೇಳಬಹುದು. ಬಲವಂತ ಬೇಡ. ಕೇಳಿದರೆ ಸಾಕು. ಮನೆಯವರು ಕೇಳಲು ಹಿಂಜರಿಯುವುದನ್ನು ಹೊರಗಿನ ನರ್ಸ್ ಕೇಳಿದರೆ ಹಿರಿಯರು ಮನಸ್ಸು ಬಿಚ್ಚುತ್ತಾರೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಎರಡನೇ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸುವ ಡಾಕ್ಟರುಗಳ ಪಟ್ಟಿ ಮೊದಲೇ ತಯಾರಿರಲಿ. ಮಂಡಳಿಗಳು ಆದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ ಕೋರ್ಟು ಹೇಳಿದೆ. ಪಟ್ಟಿ ಇಲ್ಲದಿದ್ದರೆ ಹೆಸರು ಹುಡುಕುವುದರಲ್ಲೇ ವಾರ ಕಳೆಯುತ್ತದೆ, ಮನೆಯವರು ಮತ್ತೆ ಅದೇ ಆಂಬುಲೆನ್ಸ್ ಹತ್ತುತ್ತಾರೆ.

ಮಾರ್ಫಿನ್ ಬಗ್ಗೆ ಹೇಳದೇ ಇದ್ದರೆ ನನ್ನ ಕೆಲಸಕ್ಕೆ ದ್ರೋಹ ಮಾಡಿದ ಹಾಗೆ. ಗಸಗಸೆ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ. ಅದರ ಬೀಜ ನಮ್ಮ ಪಾಯಸಕ್ಕೆ ಬರುತ್ತದೆ, ಅದರ ಹಾಲಿನಿಂದ ಮಾರ್ಫಿನ್ ಬರುತ್ತದೆ. ಆದರೂ ನಮ್ಮ ತಾಲ್ಲೂಕಿನಲ್ಲಿ ಬಾಯಿ ಕ್ಯಾನ್ಸರ್ ಆದ ಮುದುಕ ರಾತ್ರಿಯಿಡೀ ನರಳಿದರೆ ಕೊಡಲು ಸಿಗುತ್ತಿದ್ದದ್ದು ಸಾದಾ ನೋವಿನ ಮಾತ್ರೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಹತ್ತಾರು ಲೈಸೆನ್ಸ್ ಇಲ್ಲದೆ ಮಾರ್ಫಿನ್ ಇಟ್ಟುಕೊಳ್ಳುವ ಹಾಗೆ ಮಾಡಿದ್ದಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆ ಮಾನ್ಯತೆ ಕೊಡಿಸಿ, ಒಬ್ಬ ಡಾಕ್ಟರಿಗೆ, ಇಬ್ಬರು ನರ್ಸ್‌ಗಳಿಗೆ ತರಬೇತಿ ಕೊಡಿಸಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನೋವಿಲ್ಲದ ಸಾವು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಅಂಥ ಜಾಗಕ್ಕೆ ಹೋಗಬೇಕು. ಎಲ್ಲರೂ ಬೆಂಗಳೂರಿಗೆ ಬರಲು ಆಗುವುದಿಲ್ಲ ಅಲ್ವಾ? ಕೇರಳದಲ್ಲಿ 2008ರಿಂದಲೇ ಸರ್ಕಾರದ ಪಾಲಿಯೇಟಿವ್ ನೀತಿ, ಅಂದರೆ ವಾಸಿಯಾಗದವರ ನೋವು ಇಳಿಸುವ ಆರೈಕೆಯ ನೀತಿ, ಇದೆ, ಪಂಚಾಯಿತಿಯ ನರ್ಸ್ ಜೀಪಿನಲ್ಲಿ ಮನೆಮನೆಗೆ ಹೋಗುತ್ತಾರೆ. ನಮ್ಮಲ್ಲೂ ಕೆಲಸ ಕಲಿತ ನರ್ಸ್‌ಗಳಿದ್ದಾರೆ. ನಿವೃತ್ತಿಯಾಗಿ ಮನೆಯಲ್ಲಿ ಕೂತವರೂ ಇದ್ದೇವೆ, ಕರೆದರೆ ಬರುತ್ತೇವೆ.

ಇನ್ನೊಂದು ಸಣ್ಣ ವಿಷಯ. ಮನೆಯಲ್ಲೇ ಸತ್ತರೆ ಸಾವಿನ ಕಾರಣ ಬರೆದುಕೊಡಲು ಡಾಕ್ಟರು ಸಿಗುವುದಿಲ್ಲ. ಮುಂಚೆ ನೋಡಿಲ್ಲದ ರೋಗಿಗೆ ಬರೆದುಕೊಡಲು ಅವರಿಗೂ ಭಯ. ನಮ್ಮ ಮನೆಯಲ್ಲಿ ಹೆಣ ಇಟ್ಟುಕೊಂಡು ಮಗ ಮೂರು ಕ್ಲಿನಿಕ್ ಸುತ್ತಿದ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಅನ್ನುವ ಕಾನೂನು ಎಲ್ಲರಿಗೂ ಗೊತ್ತು. ಆ ಮೊದಲ ಕಾಗದಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಆ ಹೊಣೆ ಕೊಡಿ. ಹಾಗೇ, ಪ್ರತಿ ಹಳ್ಳಿಗೂ ಸ್ಮಶಾನಕ್ಕೆ ಜಾಗ ಕೊಡಿ ಎಂದು ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಸ್ವಂತ ಜಮೀನಿರುವ ನಾವು ಬದುವಿನಲ್ಲಿ ಮಣ್ಣು ಮಾಡುತ್ತೇವೆ. ಜಮೀನಿಲ್ಲದವರು ಮಳೆಗಾಲದಲ್ಲಿ ಹೆಣ ಹೊತ್ತು ಎಲ್ಲಿಗೆ ಹೋಗಬೇಕು?

ನನ್ನ ಕಾಗದದ ಜೊತೆ ಇನ್ನೊಂದು ಹಾಳೆ ಇದೆ. ಅದಕ್ಕೆ ನೋಟರಿ ಇಲ್ಲ, ಅದು ಮಕ್ಕಳಿಗೆ. ನನ್ನ ಕಣ್ಣು ಕೊಡಿ ಅಂತ ಬರೆದಿದ್ದೇನೆ. ರಾಜಕುಮಾರ್ ಕೊಟ್ಟರು, ಪುನೀತ್ ಕೊಟ್ಟರು, ನಮ್ಮ ಮನೆಯಲ್ಲೂ ಯಾರಾದರೂ ಶುರು ಮಾಡಲಿ. ಆರು ಗಂಟೆಯೊಳಗೆ ತೆಗೆಯಬೇಕು, ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ತಲೆದಿಂಬು ಸ್ವಲ್ಪ ಎತ್ತರ ಮಾಡಿ ಅಂತಲೂ ಬರೆದಿದ್ದೇನೆ. ತೋಟದಲ್ಲಿ ಯಜಮಾನರ ಪಕ್ಕದಲ್ಲೇ ಮಣ್ಣು ಮಾಡಿ. ಮೊದಲ ಹಿಡಿ ಮಣ್ಣು ಮಗಳೂ ಹಾಕಲಿ. ಹನ್ನೊಂದನೇ ದಿನದ ಊಟಕ್ಕೆ ಸಾಲ ಮಾಡಬೇಡಿ. ಕೊನೆಯಲ್ಲಿ ಒಂದು ಸಾಲು ಸೊಸೆಗಾಗಿ ಬರೆದಿದ್ದೇನೆ. ನನ್ನ ಗಂಡ ಹೋದ ದಿನ, ಡ್ಯೂಟಿಯ ಅಭ್ಯಾಸಕ್ಕೆ ಬಳೆಯನ್ನೇ ಹಾಕದಿದ್ದ ನನ್ನ ಕೈಗೆ ಹಸಿರು ಬಳೆ ಏರಿಸಿ ಒಡೆದರು. ನಮ್ಮ ಮನೆಯಲ್ಲಿ ಮುಂದೆ ಯಾವ ಹೆಣ್ಣಿಗೂ ಹಾಗೆ ಮಾಡಬೇಡಿ.

ಆ ಹಾಳೆ ಓದಿದ ದಿನ ಮಗ ಊಟ ಬಿಟ್ಟು ಎದ್ದು ಹೋದ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಬಂದು ಪಕ್ಕದಲ್ಲಿ ಕೂತು, "ಅಪ್ಪನ್ನೂ ಹಿಂಗೇ ಕೇಳಿದ್ದಿದ್ರೆ ಏನ್ ಹೇಳ್ತಿದ್ರು ಅಮ್ಮ?" ಅಂದ. ಗೊತ್ತಿಲ್ಲ ಮಗನೇ ಅಂದೆ. ಆಮೇಲೆ ಅವನು ತನ್ನ ಬಗ್ಗೆ ಹೇಳಿದ, ನಾನು ಬರೆದುಕೊಂಡೆ. ಅವನಿಗೆ 35.

ನನ್ನ ಲಿವಿಂಗ್ ವಿಲ್‌ನ ಒಂದು ಪ್ರತಿಯನ್ನು ನಿಮ್ಮ ಕಚೇರಿಗೂ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೂಲ ಪ್ರತಿ ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇದೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮೂರಿನಲ್ಲಿ ಅದನ್ನು ಯಾರ ಕೈಗೆ ಕೊಡಬೇಕು ಅಂತ ತಿಳಿಸಿ. ಐದನೇ ಸಲವೂ ನಾನೇ ಹೋಗಿ ಕೊಟ್ಟು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್